ಮನೆಯ ಮುದ್ದೆ, ಹೋಟೆಲಿನ ದೋಸೆ

ನಮ್ಮ ಊರುಗಳಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು ಯಾವುದು? "ಊಟ ಆಯ್ತಾ?" ಅಂತ. ಚೆನ್ನಾಗಿದ್ದೀರಾ ಎಂದು ಕೇಳುವುದು ಆಮೇಲೆ. ಊಟ ಆಗಿದ್ದರೆ ಚೆನ್ನಾಗಿದ್ದಾರೆ ಎಂದೇ ಅರ್ಥ. ಎರಡನೆಯ ಪ್ರಶ್ನೆ, "ಏನ್ ಸಾರು ಇವತ್ತು?" ಇದಕ್ಕೆ ಬರುವ ಉತ್ತರ ಹೆಚ್ಚಿನ ದಿನ ಒಂದೇ ತರಹ. ಸೊಪ್ಪಿನ ಸಾರು, ಕಾಳಿನ ಸಾರು, ಬೇಳೆ ಸಾರು, ಹುರುಳಿ ಸಾರು.

ನಮ್ಮ ರಾಜ್ಯದಲ್ಲಿ ಮಾಂಸ ತಿನ್ನುವವರೇ ಹೆಚ್ಚು. ಆದರೆ ಅವರ ಮನೆಗಳಲ್ಲೂ ವಾರದಲ್ಲಿ ಐದಾರು ದಿನ ಒಲೆ ಮೇಲೆ ಕುದಿಯುವುದು ಸೊಪ್ಪು, ಕಾಳುಗಳೇ. ಯಾರು ಏನು ತಿನ್ನಬೇಕು ಎಂಬ ವಾದ ನಮಗೆ ಬೇಡ. ತಿನ್ನುವುದರಲ್ಲಿ ಮೇಲು ಕೀಳು ಎಂಬುದಿಲ್ಲ. ಎಲ್ಲರೂ ಉಣ್ಣುವ ಈ ಸಸ್ಯಾಹಾರದ ಬಗ್ಗೆ ನಾವು ಮಾತಾಡೋಣ. ಮನೆಯಲ್ಲಿ ಅದನ್ನು ರುಚಿಯಾಗಿ ಉಣ್ಣುವುದು ಹೇಗೆ? ಹೋಟೆಲಿಗೆ ಹೋದಾಗ ಸಂತೋಷವಾಗಿ ತಿನ್ನುವುದು ಹೇಗೆ?

ಊರಿಗೊಂದು ಊಟ

ನಮ್ಮ ನಾಡು ದೊಡ್ಡದು. ಮಂಡ್ಯ, ಹಾಸನ, ಕೋಲಾರದ ಕಡೆ ರಾಗಿ ಮುದ್ದೆ. ವಿಜಯಪುರ, ಕಲಬುರಗಿ ಕಡೆ ಜೋಳದ ರೊಟ್ಟಿ. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ. ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ, ಕಡುಬು.

ಜೊತೆಗೆ ನೆಂಚಿಕೊಳ್ಳುವುದೂ ಬೇರೆ ಬೇರೆ. ರೊಟ್ಟಿಗೆ ಎಣ್ಣೆಗಾಯಿ ಬದನೆಕಾಯಿ, ಪುಂಡಿ ಪಲ್ಯ, ಅಗಸಿ ಚಟ್ನಿ, ಶೇಂಗಾ ಚಟ್ನಿ ಬೇಕು. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ಇರಲೇಬೇಕು. ಮಲೆನಾಡಿನವರಿಗೆ ತಂಬುಳಿ ಬೇಕು. ಹಿತ್ತಲಿಗೆ ಹೋಗಿ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು ತರುತ್ತಾರೆ. ಚೂರು ತುಪ್ಪದಲ್ಲಿ ಜೀರಿಗೆ, ಮೆಣಸಿನ ಕಾಳಿನ ಜೊತೆ ಬಾಡಿಸುತ್ತಾರೆ. ಕಾಯಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸುತ್ತಾರೆ. ಕುದಿಸುವ ಕೆಲಸವೇ ಇಲ್ಲ. ಸೆಕೆಗಾಲದಲ್ಲಿ ಅನ್ನಕ್ಕೆ ತಂಬುಳಿ ಹಾಕಿಕೊಂಡು ಉಂಡವರಿಗೆ ಅದರ ತಂಪು ಗೊತ್ತು.

ಮುದ್ದೆಯ ವಿಷಯಕ್ಕೆ ಬರೋಣ. ಅದನ್ನು ಅಗಿಯುವುದಲ್ಲ, ನುಂಗುವುದು. ಬಿಸಿ ಮುದ್ದೆಯನ್ನು ಬೆರಳಲ್ಲಿ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ತಾನೇ ಜಾರಿ ಹೋಗಬೇಕು. ಗೊತ್ತಿಲ್ಲದವರು ಅಗಿದು ಅಗಿದು ಹಲ್ಲಿಗೆ ಅಂಟಿಸಿಕೊಳ್ಳುತ್ತಾರೆ. ನಾವು ನಗುತ್ತೇವೆ.

ಕನಕದಾಸರು 'ರಾಮಧಾನ್ಯ ಚರಿತೆ' ಎಂಬ ಕಾವ್ಯ ಬರೆದರು. ಅದರಲ್ಲಿ ರಾಗಿಗೂ ಅಕ್ಕಿಗೂ ಜಗಳ. ನಾನು ದೊಡ್ಡವನು, ನಾನು ದೊಡ್ಡವನು ಅಂತ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಆರು ತಿಂಗಳ ಮೇಲೆ ನೋಡಿದರೆ ಅಕ್ಕಿ ಕೆಟ್ಟಿತ್ತು. ರಾಗಿ ಹಾಗೇ ಇತ್ತು. ಕತೆಯಲ್ಲಿ ರಾಗಿಯೇ ಗೆದ್ದಿತು. ಅಕ್ಕಿ ಉಳ್ಳವರ ಧಾನ್ಯ, ರಾಗಿ ಬಡವರ ಧಾನ್ಯ ಎಂದು ನೋಡುವವರಿಗೆ ದಾಸರು ಹೀಗೆ ಉತ್ತರ ಕೊಟ್ಟರು. ರಾಗಿ ಬೆಳೆದವರಿಗೂ ಇದು ಗೊತ್ತಿರುವ ಮಾತೇ. ಒಣಗಿಸಿ ತುಂಬಿಟ್ಟ ರಾಗಿಗೆ ವರ್ಷಗಟ್ಟಲೆ ಹುಳು ಬೀಳುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಮೂಳೆಗೆ ಬಲ ಕೊಡುವುದು ಸುಣ್ಣದ ಅಂಶ. ನೂರು ಗ್ರಾಂ ಹಾಲಿನಲ್ಲಿ ಅದು ಸುಮಾರು 120 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಅದೇ ನೂರು ಗ್ರಾಂ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಂದು ಕಾಲದಲ್ಲಿ ನೆಂಟರು ಬಂದರೆ ಮುದ್ದೆ ಬಡಿಸಲು ನಾಚಿಕೆ ಪಡುತ್ತಿದ್ದರು. ಸಾಲ ಮಾಡಿಯಾದರೂ ಅಕ್ಕಿ ತರುತ್ತಿದ್ದರು. ಈಗ ನೋಡಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿತು. ಪಟ್ಟಣದ ಹೋಟೆಲುಗಳಲ್ಲಿ ರಾಗಿ ದೋಸೆಗೆ ಅಕ್ಕಿ ದೋಸೆಗಿಂತ ಹೆಚ್ಚು ದುಡ್ಡು ಕೇಳುತ್ತಾರೆ. ನಮ್ಮ ಅಟ್ಟದ ಮೇಲಿದ್ದ ರಾಗಿಗೆ ಬಂದ ಬೆಲೆ ಇದು!

ಆದರೆ ಬರೀ ಮುದ್ದೆ ಸಾಲದು. ಬರೀ ಅನ್ನವೂ ಸಾಲದು. ಮೈ ಬೆಳೆಯಲು ಬೇಕಾದ ಸಾರ ಧಾನ್ಯದಲ್ಲಿ ಸ್ವಲ್ಪ ಕಡಿಮೆ ಬೀಳುತ್ತದೆ. ಆ ಕಡಿಮೆಯನ್ನು ಕಾಳು, ಬೇಳೆ ತುಂಬುತ್ತವೆ. ಕಾಳಿನಲ್ಲಿ ಇಲ್ಲದ್ದು ಧಾನ್ಯದಲ್ಲಿದೆ. ಅದಕ್ಕೇ ಇವು ಜೋಡಿ. ಮುದ್ದೆಗೆ ಹುರುಳಿ ಸಾರು, ರೊಟ್ಟಿಗೆ ಕಾಳು ಪಲ್ಯ, ಅಕ್ಕಿಗೆ ಉದ್ದು ಸೇರಿದ ಇಡ್ಲಿ, ಎಲ್ಲವೂ ಇದೇ ಲೆಕ್ಕ. ವಿಜ್ಞಾನಿಗಳು ಹೇಳುವ ಮೊದಲೇ ನಮ್ಮ ಅಜ್ಜಿಯರು ಈ ಜೋಡಿ ಕಟ್ಟಿದ್ದರು. ಮಜ್ಜಿಗೆ, ಮೊಸರನ್ನೂ ಮರೆಯಬೇಡಿ. ಬಿ-12 ಎಂಬ ಜೀವಸತ್ವ ಸೊಪ್ಪಿನಲ್ಲೂ ಇಲ್ಲ, ಕಾಳಿನಲ್ಲೂ ಇಲ್ಲ. ಮಾಂಸ, ಮೊಟ್ಟೆ ಮುಟ್ಟದವರಿಗೆ ಅದು ಸಿಗುವುದು ಹಾಲು, ಮೊಸರಿನಿಂದ.

ಬಸ್ಸಾರು: ಒಂದು ಪಾತ್ರೆ, ಎರಡು ಅಡುಗೆ

ನಮಗೆ ತುಂಬ ಇಷ್ಟವಾದ ಒಂದು ಅಡುಗೆ ಹೇಳುತ್ತೇವೆ. ಹಳೇ ಮೈಸೂರಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯವರು ಮಾಡಿ ನೋಡಿ.

ರಾತ್ರಿಯೇ ಒಂದು ಲೋಟ ಅಲಸಂದೆ ಕಾಳನ್ನೋ ಹೆಸರು ಕಾಳನ್ನೋ ನೆನೆಹಾಕಿ. ಬೆಳಿಗ್ಗೆ ಹೆಚ್ಚು ನೀರಿಟ್ಟು ಬೇಯಿಸಿ. ಕಾಳು ಮುಕ್ಕಾಲು ಬೆಂದಾಗ ಎರಡು ಕಟ್ಟು ಸೊಪ್ಪು ಹೆಚ್ಚಿ ಹಾಕಿ. ದಂಟು, ಕೀರೆ, ಸಬ್ಬಸಿಗೆ, ಯಾವುದಾದರೂ ಆಗುತ್ತದೆ. ಎರಡು ಮೂರು ಬಗೆ ಬೆರೆಸಿದರೆ ಇನ್ನೂ ರುಚಿ. ಉಪ್ಪು ಹಾಕಿ. ಸೊಪ್ಪು ಬೆಂದ ಮೇಲೆ ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ಹೀಗೆ ಬಸಿದು ಮಾಡುವುದರಿಂದಲೇ ಇದು ಬಸ್ಸಾರು.

ಈಗ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದುಕೊಳ್ಳಿ. ಧನಿಯ, ಜೀರಿಗೆ, ಸ್ವಲ್ಪ ಕಾಯಿ, ಹುಣಸೆಹಣ್ಣು ಸೇರಿಸಿ. ಬೆಂದ ಸೊಪ್ಪು, ಕಾಳಿನಲ್ಲಿ ಒಂದು ಹಿಡಿ ತೆಗೆದು ಇದಕ್ಕೇ ಹಾಕಿ ನುಣ್ಣಗೆ ರುಬ್ಬಿ. ಬಸಿದ ನೀರಿಗೆ ಬೆರೆಸಿ ಕುದಿಸಿ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಸಾರು ಆಯಿತು. ಉಳಿದ ಸೊಪ್ಪು, ಕಾಳಿಗೆ ಬೇರೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿ. ಪಲ್ಯ ಆಯಿತು.

ಇದರಲ್ಲಿ ಏನು ವಿಶೇಷ? ಸೊಪ್ಪು ಬೇಯುವಾಗ ಅದರ ಸತ್ವದಲ್ಲಿ ಒಂದಷ್ಟು ನೀರಿಗೆ ಇಳಿಯುತ್ತದೆ. ಆ ನೀರು ಚೆಲ್ಲಿದರೆ ಸತ್ವವನ್ನೂ ಚೆಲ್ಲಿದಂತೆ. ಬಸ್ಸಾರಿನಲ್ಲಿ ಒಂದು ಹನಿಯೂ ದಂಡವಾಗದು. ಸೌದೆಯೂ ಉಳಿಯಿತು, ಗ್ಯಾಸೂ ಉಳಿಯಿತು. ಮಾರನೆಯ ದಿನ ಬಿಸಿ ಮಾಡಿದರೆ ಸಾರಿನ ರುಚಿ ಇನ್ನೂ ಏರುತ್ತದೆ. ನಿನ್ನೆಯ ಬಸ್ಸಾರಿಗಾಗಿ ಮನೆಯಲ್ಲಿ ಜಗಳ ಆಗುವುದೂ ಉಂಟು.

ಬಡಿಸುವವರ ತಟ್ಟೆ

ಇಷ್ಟೆಲ್ಲಾ ರುಚಿಯಾಗಿ ಮಾಡಿದವರು ಯಾರು? ಮನೆಯ ಹೆಂಗಸರು. ಅವರು ಉಣ್ಣುವುದು ಯಾವಾಗ? ಎಲ್ಲರದೂ ಆದ ಮೇಲೆ. ಆಗ ಪಾತ್ರೆಯಲ್ಲಿ ಉಳಿದಿರುವುದು ಏನು? ತಿಳಿ ಸಾರು, ಒಂದು ತುಂಡು ಮುದ್ದೆ. ಪಲ್ಯ ಖಾಲಿ. ಕಾಳು ಖಾಲಿ. "ನನಗೆ ಹಸಿವಿಲ್ಲ ಬಿಡಿ" ಅಂತ ಹೇಳಿ ಎದ್ದುಬಿಡುತ್ತಾರೆ. ನಿಮ್ಮ ಮನೆಯಲ್ಲಿ ಈ ಮಾತು ಕೇಳಿದ್ದೀರಾ?

2019-20ರಲ್ಲಿ ಸರ್ಕಾರ ಮನೆಮನೆಯ ಆರೋಗ್ಯ ಸಮೀಕ್ಷೆ ನಡೆಸಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ಅಂದರೆ ಹತ್ತಿರ ಹತ್ತಿರ ಅರ್ಧ! ಸ್ವಲ್ಪ ನಡೆದರೆ ಏದುಸಿರು. ತಲೆ ಸುತ್ತು. ಸದಾ ಸುಸ್ತು. ಹೆರಿಗೆಯಲ್ಲಿ ಇದು ಪ್ರಾಣಕ್ಕೇ ಕುತ್ತು ತರಬಹುದು. ರಕ್ತ ಕಡಿಮೆಯಾಗಲು ಕಾರಣ ಹಲವು. ಕಬ್ಬಿಣದ ಅಂಶ ಸಾಲದಿರುವುದು ದೊಡ್ಡ ಕಾರಣ.

ಸೊಪ್ಪು, ಕಾಳು, ರಾಗಿಯಲ್ಲಿ ಕಬ್ಬಿಣದ ಅಂಶ ಇದೆ. ಆದರೆ ಅದು ಮೈಗೆ ಹತ್ತುವುದು ನಿಧಾನ. ಊಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ನೆಲ್ಲಿಕಾಯಿ, ಸೀಬೆಹಣ್ಣೂ ಆಗಬಹುದು. ಊಟವಾದ ಕೂಡಲೇ ಟೀ, ಕಾಫಿ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಕಬ್ಬಿಣದ ಮಾತ್ರೆ ಕೇಳಿ. ದುಡ್ಡು ಕೊಡಬೇಕಾಗಿಲ್ಲ.

ಇದಕ್ಕೆ ಒಂದು ಸುಲಭ ದಾರಿ ಇದೆ. ಬಡಿಸುವಾಗಲೇ ಅಡುಗೆ ಮಾಡಿದವರ ತಟ್ಟೆಗೂ ಪಲ್ಯ, ಕಾಳು ಹಾಕಿ ಮುಚ್ಚಿಡಿ. ಎಲ್ಲರೂ ಒಟ್ಟಿಗೆ ಕೂತು ಉಂಡರಂತೂ ಮಾತೇ ಬೇಡ. ಸಾರಿನ ಪಾತ್ರೆ ನಡುವೆ ಇದ್ದರೆ ಯಾರು ಬೇಕಾದರೂ ಬಡಿಸಿಕೊಳ್ಳಬಹುದು. ಗಂಡಸರ ಕೈಗೆ ಸೌಟು ಭಾರ ಆಗುವುದಿಲ್ಲ. ಹೋಟೆಲಿನಲ್ಲಿ ಅಡುಗೆ ಮಾಡುವವರು, ಬಡಿಸುವವರು ಹೆಚ್ಚಾಗಿ ಗಂಡಸರೇ ಅಲ್ವಾ?

ಉಡುಪಿಯಿಂದ ಹೊರಟವರು

ಹೋಟೆಲ್ ಎಂದರೆ ಮೊದಲು ನೆನಪಾಗುವುದು ಉಡುಪಿ ಹೋಟೆಲ್. ಉಡುಪಿಯ ಹೆಸರು ದೂರದ ಊರುಗಳ ಬೋರ್ಡಿನ ಮೇಲೆ ಬಂದದ್ದು ಹೇಗೆ?

ಸುಮಾರು ನೂರು ವರ್ಷಗಳ ಹಿಂದೆ ಕರಾವಳಿಯ ಬಡ ಮನೆಗಳ ಹುಡುಗರು ಕೆಲಸ ಹುಡುಕಿ ಊರು ಬಿಟ್ಟರು. ಮದರಾಸು, ಮುಂಬಯಿ, ಬೆಂಗಳೂರು ಸೇರಿದರು. ಗೊತ್ತಿದ್ದದ್ದು ಅಡುಗೆ ಕೆಲಸ. ಲೋಟ ತೊಳೆದರು, ಹಿಟ್ಟು ರುಬ್ಬಿದರು, ಮೇಜು ಒರೆಸಿದರು. ಮುಂಬಯಿಯಲ್ಲಿ ಇಂಥ ಹುಡುಗರು ಕಲಿಯಲೆಂದು ಕನ್ನಡದ ರಾತ್ರಿ ಶಾಲೆಗಳು ನಡೆದವು. ಹಗಲೆಲ್ಲಾ ದುಡಿದು ರಾತ್ರಿ ಅಕ್ಷರ ತಿದ್ದಿದರು. ನಿಮ್ಮ ಹಾಗೆಯೇ!

ಅವರಲ್ಲಿ ಕೆಲವರು ಮುಂದೆ ತಾವೇ ಹೋಟೆಲ್ ತೆರೆದರು. ಕೂಲಿ ಕೆಲಸದಿಂದ ಶುರು ಮಾಡಿದ ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರ ಊಟದ ಮನೆ ಶುರುವಾಯಿತು. ಬೆಂಗಳೂರಿನಲ್ಲಿ ಉಡುಪಿ ಸೀಮೆಯ ಮಯ್ಯ ಸಹೋದರರು 1924ರಲ್ಲೇ ಸಣ್ಣ ಹೋಟೆಲ್ ತೆರೆದಿದ್ದರು. ಅದೇ ಮುಂದೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಇಡ್ಲಿಗೆ ಏನು ಮಾಡುವುದು? ಅಕ್ಕಿಯ ಬದಲು ರವೆ ಹಾಕಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಅಂತ ಅವರು ಹೇಳುತ್ತಾರೆ. ಅಕ್ಕಿ ಬರ ಹೋಯಿತು. ರವೆ ಇಡ್ಲಿ ಉಳಿಯಿತು.

ಬಾಗಿಲು ತೆರೆದ ಕತೆ

ರುಚಿ ಇದ್ದರೆ ಸಾಕೇ? ಒಳಗೆ ಬಿಡಬೇಕಲ್ಲ!

ಹಿಂದೆ ಹೋಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಕೂರುವಂತಿರಲಿಲ್ಲ. ಕೆಲವು ಕಡೆ ಬ್ರಾಹ್ಮಣರಿಗೆ ಬೇರೆ ಜಾಗ ಇತ್ತು. ದಲಿತರನ್ನು ಒಳಗೇ ಬಿಡುತ್ತಿರಲಿಲ್ಲ. ಹಳ್ಳಿ ಹೋಟೆಲುಗಳಲ್ಲಿ ಅವರಿಗೆ ಬೇರೆ ಲೋಟ ಇಡುತ್ತಿದ್ದರು. ಟೀ ಕುಡಿದು ಲೋಟವನ್ನು ತಾವೇ ತೊಳೆದಿಡಬೇಕಿತ್ತು. ದುಡ್ಡು ಮಾತ್ರ ಎಲ್ಲರಷ್ಟೇ ಕೊಡಬೇಕಿತ್ತು.

1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂತು. ಅದರ 15ನೇ ವಿಧಿಯಲ್ಲಿ ಹೋಟೆಲಿನ ಮಾತು ಬರುತ್ತದೆ. ಜಾತಿ, ಧರ್ಮದ ಹೆಸರಿನಲ್ಲಿ ಯಾರನ್ನೂ ಅಂಗಡಿಗೆ, ಹೋಟೆಲಿಗೆ ಬಾರದಂತೆ ತಡೆಯಬಾರದು ಎಂದು ಬರೆದಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. 1955ರಲ್ಲಿ ಇದಕ್ಕಾಗಿ ಬೇರೆ ಕಾನೂನೂ ಬಂತು. ಹೋಟೆಲಿಗೆ ಬಿಡದಿರುವುದು, ಬೇರೆ ಲೋಟ ಇಡುವುದು ಈಗ ಅಪರಾಧ. ಹೀಗೆ ನಡೆದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಓದು ಬರಹ ಕಲಿತ ನೀವೇ ದೂರು ಬರೆಯಬಹುದು. ಕಾನೂನು ಬಂದು ಎಷ್ಟೋ ವರ್ಷ ಆದರೂ ಕೆಲವು ಊರುಗಳಲ್ಲಿ ಈ ಚಾಳಿ ಪೂರ್ತಿ ಹೋಗಿಲ್ಲ. ನಮಗೆ ಇದನ್ನು ಬರೆಯಲು ಬೇಸರ. ಆದರೂ ಬರೆಯದೆ ಇರಲಾರೆವು.

ನಿಂತು ತಿನ್ನುವ ಹೋಟೆಲ್ ಗೊತ್ತಲ್ಲ, ದರ್ಶಿನಿ? 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಕುರ್ಚಿ ಇಲ್ಲ, ಮಾಣಿ ಇಲ್ಲ. ಮೊದಲು ದುಡ್ಡು ಕೊಟ್ಟು ಚೀಟಿ ತಗೋಬೇಕು. ಚೀಟಿ ಕೊಟ್ಟು ತಟ್ಟೆ ತಗೋಬೇಕು. ನಿಂತೇ ತಿನ್ನಬೇಕು. ಬಡಿಸುವವರ ಖರ್ಚು ಉಳಿದು ತಿಂಡಿ ಅಗ್ಗವಾಯಿತು. ಅಡುಗೆ ಎದುರಿಗೇ ಕಾಣುತ್ತದೆ. ನಮಗೆ ಹಿಡಿಸಿದ್ದು ಇನ್ನೊಂದು. ಅಲ್ಲಿ ಆಫೀಸಿನ ಸಾಹೇಬರೂ ಗಾರೆ ಕೆಲಸದವರೂ ಒಂದೇ ಕಟ್ಟೆಗೆ ತಟ್ಟೆ ಇಟ್ಟು ತಿನ್ನುತ್ತಾರೆ. ವಯಸ್ಸಾದವರಿಗೆ, ಕಾಲು ನೋವಿನವರಿಗೆ ಮಾತ್ರ ಕಷ್ಟ. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿ 5 ರೂಪಾಯಿ, ಊಟ 10 ರೂಪಾಯಿ ಇತ್ತು. ಕೂಲಿಯವರ ಹೊಟ್ಟೆಗೆ ಅದು ಆಧಾರವಾಯಿತು.

ಬೋರ್ಡು ಓದಿ, ತಿಂಡಿ ಹೇಳಿ

ಓದಲು ಬಾರದಾಗ ನಾವು ಹೋಟೆಲಿನಲ್ಲಿ ಏನು ಮಾಡುತ್ತಿದ್ದೆವು? "ಏನೈತಪ್ಪಾ?" ಅಂತ ಮಾಣಿಯನ್ನು ಕೇಳುತ್ತಿದ್ದೆವು. ಅವನು ಒಂದೇ ಉಸಿರಿಗೆ ಹದಿನೈದು ಹೆಸರು ಹೇಳುತ್ತಿದ್ದ. ಕೊನೆಯದು ಮಾತ್ರ ನೆನಪಿರುತ್ತಿತ್ತು. ಅದನ್ನೇ ಹೇಳುತ್ತಿದ್ದೆವು! ಬೆಲೆ ಕೇಳಲು ಸಂಕೋಚ.

ಈಗ ಬೋರ್ಡಿನ ಮುಂದೆ ನಿಂತು ನಿಧಾನವಾಗಿ ಓದಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ಚೌಚೌ ಬಾತ್ ಎಂದರೆ ಖಾರಾಬಾತ್, ಕೇಸರಿಬಾತ್ ಎರಡೂ ಒಂದೇ ತಟ್ಟೆಯಲ್ಲಿ. ಸೆಟ್ ದೋಸೆ ಮೆತ್ತಗೆ, ಮಸಾಲೆ ದೋಸೆ ಗರಿಗರಿ. ಬೈಟು ಕಾಫಿ ಅಂದರೆ ಒಂದು ಕಾಫಿ, ಎರಡು ಲೋಟ. ಹಿಂದೆ ನಿಂತವರು ಅವಸರ ಮಾಡಿದರೆ ಮಾಡಲಿ. ಮುಂದೆ ಇರುವ ಬೆಲೆಯನ್ನೂ ಓದಿ ಕೂಡಿಸಿಕೊಳ್ಳಿ.

2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾಯಿತು. ಆಮೇಲೆ ನಾಲ್ಕಾರು ಮಂದಿ ಅಕ್ಕಂದಿರು ಒಟ್ಟಾಗಿ ಪೇಟೆಗೆ, ದೇವಸ್ಥಾನಕ್ಕೆ ಹೊರಡುವುದನ್ನು ನಾವು ಕಂಡಿದ್ದೇವೆ. ಬಸ್ಸಿನ ದುಡ್ಡು ಉಳಿಯಿತು, ಮಸಾಲೆ ದೋಸೆ ತಿಂದೆವು ಅಂತ ನಗುತ್ತಾ ಹೇಳುತ್ತಾರೆ. ಬೇರೆಯವರು ಮಾಡಿದ್ದನ್ನು ಕೂತು ತಿನ್ನುವ ಸುಖ ದಿನಾ ಅಡುಗೆ ಮಾಡುವವರಿಗೇ ಗೊತ್ತು.

ಕೆಲವು ಎಚ್ಚರ ಬೇಕು. ಗೋಬಿ ಮಂಚೂರಿ ಕೆಂಪಗೆ ಹೊಳೆಯುತ್ತಿದ್ದರೆ ಬಣ್ಣ ಹಾಕಿರಬಹುದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಆಜ್ಞೆ ಮಾಡಿತು. ಮಕ್ಕಳು ಹಟ ಮಾಡಿದರೆ ಬಣ್ಣ ಹಾಕದೆ ಮಾಡುವ ಅಂಗಡಿ ಹುಡುಕಿ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವವರಿದ್ದಾರೆ. ಅದರ ವಿಷ ಇಡ್ಲಿಗೆ ಇಳಿಯಬಹುದು. 2025ರ ಫೆಬ್ರವರಿಯಲ್ಲಿ ಸರ್ಕಾರ ಇದನ್ನೂ ಬೇಡ ಎಂದಿತು. ಕಂಡರೆ ಬಾಯಿಬಿಟ್ಟು ಹೇಳಿ. ಹೇಳುವುದಕ್ಕೆ ಭಯ ಯಾಕೆ? ದುಡ್ಡು ನಮ್ಮದು, ಹೊಟ್ಟೆಯೂ ನಮ್ಮದು.

ಅಂಗಡಿಯ ಪೊಟ್ಟಣ ಕೊಂಡರೆ ಅದರ ಮೇಲೆ ಸಣ್ಣ ಚೌಕ ನೋಡಿ. ಚೌಕದೊಳಗೆ ಹಸಿರು ಚುಕ್ಕಿ ಇದ್ದರೆ ಸಸ್ಯಾಹಾರ. ಕಂದು ಬಣ್ಣದ ತ್ರಿಕೋನ ಇದ್ದರೆ ಅಲ್ಲ. ಇನ್ನು ದೊಡ್ಡ ಹೋಟೆಲಿನ ಬಿಲ್ಲು. ಅದರಲ್ಲಿ ಜಿಎಸ್‌ಟಿ ತೆರಿಗೆ ಇರುತ್ತದೆ. ಸಾಮಾನ್ಯ ಹೋಟೆಲುಗಳಲ್ಲಿ ನೂರು ರೂಪಾಯಿಗೆ 5 ರೂಪಾಯಿ. ಅದು ಕೊಡಬೇಕಾದ್ದೇ. ಆದರೆ ಸರ್ವೀಸ್ ಚಾರ್ಜ್ ಎಂದು ಸೇರಿಸಿದ್ದರೆ ಅದನ್ನು ಕೊಡಲೇಬೇಕೆಂದಿಲ್ಲ. ತೆಗೆಯಿರಿ ಎಂದು ಕೇಳಬಹುದು.

ಖಾನಾವಳಿ

ಉತ್ತರ ಕರ್ನಾಟಕದ ಪೇಟೆಗಳಲ್ಲಿ ಬಸ್ ನಿಲ್ದಾಣದ ಹಿಂದೆ, ಕೋರ್ಟಿನ ಪಕ್ಕ, ಕಾಲೇಜಿನ ಓಣಿಯಲ್ಲಿ ಖಾನಾವಳಿ ಇರುತ್ತದೆ. ಇದು ಮನೆಯೂ ಹೌದು, ಹೋಟೆಲೂ ಹೌದು. ಮುಂದಿನ ಕೋಣೆಯಲ್ಲಿ ಊಟ. ಹಿಂದೆ ಪಟ ಪಟ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳಿದರೆ ಸಾಕು, ಹಸಿವು ಎರಡು ಪಟ್ಟು.

ಕೂತ ಕೂಡಲೇ ತಟ್ಟೆ ಬರುತ್ತದೆ. ಬಿಸಿ ರೊಟ್ಟಿ, ಕಾಳು ಪಲ್ಯ, ಎಣ್ಣೆಗಾಯಿ, ಝುಣಕ. ಮೂಲೆಯಲ್ಲಿ ಶೇಂಗಾ ಚಟ್ನಿ, ಅದರ ಮೇಲೆ ಗಟ್ಟಿ ಮೊಸರು. ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. "ಇನ್ನೊಂದು ರೊಟ್ಟಿ ಹಾಕ್ಲೇನ್ರೀ?" ಅಂತ ಕೇಳುತ್ತಲೇ ತಟ್ಟೆಗೆ ಹಾಕಿಬಿಡುತ್ತಾರೆ. ಬೇಡ ಎನ್ನಲು ಸಮಯವೇ ಇಲ್ಲ. ನಮ್ಮನ್ನು ಕೇಳಿದರೆ, ದೊಡ್ಡ ಹೋಟೆಲಿನ ಊಟಕ್ಕಿಂತ ಇದೇ ಮೇಲು.

ಎಷ್ಟೋ ಖಾನಾವಳಿಗಳನ್ನು ಹೆಂಗಸರೇ ನಡೆಸುತ್ತಾರೆ. ಗಂಡನನ್ನು ಕಳೆದುಕೊಂಡವರು, ಹೊಲ ಇಲ್ಲದವರು ಮನೆಯಲ್ಲೇ ರೊಟ್ಟಿ ಬಡಿದು ಮಕ್ಕಳನ್ನು ಓದಿಸಿದ್ದಾರೆ. ಸ್ವಸಹಾಯ ಗುಂಪಿನವರು ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿ ಬೇರೆ ಊರಿಗೂ ಕಳಿಸುತ್ತಾರೆ. ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ.

ಖಾನಾವಳಿಗೆ ತಿಂಗಳ ಲೆಕ್ಕದಲ್ಲಿ ಉಣ್ಣುವ ಹುಡುಗರು, ನೌಕರರು ಬರುತ್ತಾರೆ. ಯಾರು ಎಷ್ಟು ದಿನ ಉಂಡರು, ಯಾರು ರಜೆಗೆ ಊರಿಗೆ ಹೋದರು, ಎಲ್ಲ ಬರೆದಿಡಬೇಕು. ಮೊದಲು ಗೋಡೆಯ ಮೇಲೆ ಮಸಿಯಿಂದ ಗೆರೆ ಎಳೆಯುತ್ತಿದ್ದವರುಂಟು. ಸುಣ್ಣ ಬಳಿದ ದಿನ ಲೆಕ್ಕವೂ ಅಳಿಸಿಹೋಗುತ್ತಿತ್ತು. ಈಗ ಒಲೆಯ ಪಕ್ಕದ ಗೂಡಿನಲ್ಲಿ ಒಂದು ನೋಟುಬುಕ್ಕು ಇರುತ್ತದೆ. ಹಾಳೆಗೆ ಹಿಟ್ಟು ಮೆತ್ತಿರುತ್ತದೆ. ಅದರಲ್ಲಿ ಹೆಸರು, ತಾರೀಖು, ಬರಬೇಕಾದ ಬಾಕಿ ಎಲ್ಲ ಅವರದೇ ಕೈಬರಹದಲ್ಲಿ ಇರುತ್ತದೆ.